ಗೋಣಿಚೀಲದಲ್ಲಿ ಬಂದ ಹತ್ತರಿ

"ಸಾರ್, ನಿಮಗೊಂದು ಪಾರ್ಸೆಲ್ ಬಂದಿದೆ. ಮೇಲಕ್ಕೆ ಬಿಡಲ್ಲ, ನೀವೇ ಬನ್ನಿ. ಒಳಗಿಂದ ಚೂರಿ ಇಣುಕ್ತಿದೆ."

ಕಾವಲುಗಾರನ ಫೋನು ಬಂದಾಗ ನನ್ನ ಒಂದು ಕೆನ್ನೆಯ ಶೇವಿಂಗಷ್ಟೇ ಮುಗಿದಿತ್ತು. ಹಾಗೇ ಇಳಿದು ಹೋದೆ. ದಬ್ಬಣದಲ್ಲಿ ಹೊಲಿದ ಗೋಣಿಚೀಲ. ಅದರ ಒಂದು ಮೂಲೆ ಹರಿದು, ಅರ್ಧ ಇಂಚಿನ ಉಳಿಯೊಂದು ಬೆಂಗಳೂರನ್ನು ನೋಡುತ್ತಿತ್ತು. ತಂದ ಹುಡುಗ ಮಾರು ದೂರದಲ್ಲಿ ನಿಂತೇ ಒಟಿಪಿ ಕೇಳಿದ. ಕಾವಲುಗಾರ ರಿಜಿಸ್ಟರಿನಲ್ಲಿ, ಏನು ಬಂದಿದೆ ಎನ್ನುವ ಜಾಗದಲ್ಲಿ, ಆಗಲೇ 'ಆಯುಧ' ಎಂದು ಬರೆದಾಗಿತ್ತು.

ತಪ್ಪು ನನ್ನದೇ. ಸಾಗರದ ಗೆಳೆಯನ ಮನೆಯ ಮದುವೆಯಲ್ಲಿ, ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಾ, ಪ್ಲೈವುಡ್ಡಿನ ಈ ಕಾಲವನ್ನು ಕೊಂಚ ಹೆಚ್ಚೇ ಬೈದಿದ್ದೆ. "ಹಳೇ ಕಾಲದ ಸಾಮಾನು ಸಿಕ್ಕಿದ್ರೆ ಮನೆಗೆಲಸ ನಾನೇ ಮಾಡ್ಕೊಳ್ತಿದ್ದೆ" ಎಂದೂ ಸೇರಿಸಿದ್ದೆ. ಮಲೆನಾಡಿನವರ ಮುಂದೆ ಹೀಗೆಲ್ಲ ಆಡಬಾರದು. ಬೇಡ ಅಂದರೂ ಹೋಳಿಗೆ ಬಡಿಸುವ ಜನ, ಬೇಕು ಅಂದರೆ ಬಿಟ್ಟಾರೆಯೇ? ಅಟ್ಟದ ಮೇಲಿದ್ದ ಅವನ ಅಜ್ಜನ ಸಾಮಾನೆಲ್ಲ ಅಡಿಕೆ ಹಾಳೆಯಲ್ಲಿ ಸುತ್ತಿಸಿಕೊಂಡು ನನ್ನ ಮನೆಗೆ ಬಂದುಬಿಟ್ಟಿತು.

ಎರಡು ಉಳಿ, ಒಂದು ಬಾಚಿ, ಕೊಡತಿ, ಕೈಬೈರಿಗೆ. ಎಲ್ಲಕ್ಕಿಂತ ತೂಕದ್ದು, ಮರದ ಮೈ ಕೆತ್ತಿ ನಯ ಮಾಡುವ ಕಬ್ಬಿಣದ ಹತ್ತರಿ. ನಾನು ಹತ್ತರಿ ಅಂದೆ. ಹುಬ್ಬಳ್ಳಿ ಕಡೆಯ ನನ್ನ ಹೆಂಡತಿ "ರಂದಾ ಅಲ್ಲೇನು ಇದು?" ಅಂದಳು. ಎದುರು ಮನೆಯವರು ಕೀಸುಳಿ ಅಂದರು. ಮಗಳು ಇಸ್ತ್ರಿಪೆಟ್ಟಿಗೆಯಾ ಅಂತ ಕೇಳಿದಳು. ತುಕ್ಕು ಉಜ್ಜಿದಾಗ ಅಕ್ಷರ ಕಂಡಿತು: ರೆಕಾರ್ಡ್, ನಂಬರ್ 04, ಮೇಡ್ ಇನ್ ಇಂಗ್ಲೆಂಡ್. ಶೆಫೀಲ್ಡಿನ ಮಾಲು. ಲೆನಾರ್ಡ್ ಬೇಯ್ಲಿ ಎಂಬ ಅಮೆರಿಕದವನ ಹತ್ತರಿ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. 1930ರ ದಶಕದಲ್ಲಿ ಶೆಫೀಲ್ಡಿನವರು ಅದೇ ಮಾದರಿಯನ್ನು ತಾವೂ ಎರಕ ಹೊಯ್ದರು. ಇಷ್ಟು ಓದಿಕೊಂಡ ಮೇಲೆ ನನಗೆ ಬಡಗಿಯಾದ ಹಾಗೇ ಅನ್ನಿಸತೊಡಗಿತು.

ತುಕ್ಕಿಗೆ ವಿನೆಗರ್ ಮದ್ದು ಎಂದು ಯಾರೋ ಹೇಳಿದರು. ಇಡ್ಲಿ ಹಿಟ್ಟಿನ ಪಾತ್ರೆಯಲ್ಲಿ (ಈ ವಿಷಯ ಹೆಂಡತಿಗೆ ಬೆಳಿಗ್ಗೆ ತಿಳಿಯಿತು) ರಾತ್ರಿಯಿಡೀ ನೆನೆಹಾಕಿದೆ. ಮನೆಯೆಲ್ಲ ಗೋಬಿ ಮಂಚೂರಿ ಗಾಡಿಯ ವಾಸನೆ. ಬೆಳಿಗ್ಗೆ ತುಕ್ಕು ಕರಗಿ, ಕಬ್ಬಿಣ ಮಸಿಬಳಿದ ಹಾಗಾಗಿತ್ತು. ತೊಳೆದಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕಿತ್ತಳೆ ಬಣ್ಣ! ಹುಳಿ ಸಾಯಲು ಅಡುಗೆ ಸೋಡಾದ ನೀರಲ್ಲಿ ಅದ್ದಿ, ಕೂಡಲೇ ಒರೆಸಿ, ಎಣ್ಣೆ ಹಚ್ಚಬೇಕಂತೆ. ಎರಡನೇ ಸಲ ಹಾಗೇ ಮಾಡಿ ಹೊಲಿಗೆ ಯಂತ್ರದ ಎಣ್ಣೆ ಸವರಿದೆ. ಒಂದು ಪಕ್ಕೆಯ ಮೇಲೆ ಮೂರು ಅಡ್ಡಗೆರೆ ಮಾತ್ರ, ಹುಲಿ ಪರಚಿದ ಹಾಗೆ, ಹೋಗಲೊಲ್ಲವು. ನಾನೂ ಬಿಡಲಿಲ್ಲ. ಹುಣಸೆಹಣ್ಣು, ಎಮರಿ ಪೇಪರ್, ಎರಡು ಭಾನುವಾರ. ಕೊನೆಗೆ ಮುಖ ಕಾಣುವ ಹಾಗೆ ಹೊಳೆಯಿತು.

ಅಲಗನ್ನು ಮೇಲೆ ಕೆಳಗೆ ಮಾಡುವ ಹಿತ್ತಾಳೆ ಚಕ್ರ ಇನ್ನೊಂದು ಕಥೆ. ಬಿಚ್ಚಲು ಹೊರಟಷ್ಟೂ ಬಿಗಿಯುತ್ತಿತ್ತು. ಅರ್ಧ ಗಂಟೆ ಹೆಣಗಾಡಿದೆ. ಬಲಮುರಿ ಗಣಪತಿಯನ್ನೂ ನೆನೆದೆ. ಅಲ್ಲೇ ಎಡವಟ್ಟಾದದ್ದು. ಆ ಚಕ್ರದ ತಿರುಪು ಎಡಮುರಿಯದು. ನಲ್ಲಿ ಮುಚ್ಚುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ.

ಮಳೆಗಾಲಕ್ಕೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಬಚ್ಚಲುಮನೆ ಬಾಗಿಲೊಂದು ನಮ್ಮಲ್ಲಿದೆ. "ಮಳೆ ನಿಂತ್ರೆ ತಾನೇ ಸರಿಹೋಗ್ತದ, ಪ್ರತಿ ವರ್ಷದ್ದೂ ಇದೇ" ಎಂದು ಹೆಂಡತಿ ಹೇಳಿದಳು. ಹತ್ತರಿ ಕೈಗೆ ಬಂದವನ ಕಿವಿಗೆ ಇದೆಲ್ಲ ಬೀಳುವುದಿಲ್ಲ. ಮೊದಲು ಟರ್ ಟರ್ ಎಂದು ಬಾಗಿಲು ಅದುರಿತೇ ಹೊರತು ಒಂದು ಎಳೆಯೂ ಏಳಲಿಲ್ಲ. ಅಲಗನ್ನು ಬೋರಲು ಹಾಕಿದ್ದೆ. ಸಾಣೆ ಹಿಡಿದ ಇಳಿಜಾರು ಕೆಳಮುಖವಾಗಿರಬೇಕಿತ್ತು. ಸರಿಮಾಡಿ ಮತ್ತೆ ನೂಕಿದೆ. ಸುಂಯ್ ಅಂತ ಒಂದು ಸದ್ದು. ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ಸುರುಳಿಯೊಂದು ಹತ್ತರಿಯ ಬಾಯಿಂದ ಎದ್ದು, ಗುಂಗುರಾಗಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಹಳೇ ಮರದ ವಾಸನೆ ಮೂಗಿಗೆ ಬಂತು. ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತಿತ್ತು. ಆಮೇಲೆ ನಾನು ಕೆತ್ತಿದ್ದು ಬಾಗಿಲಿಗಾಗಿ ಅಲ್ಲ, ಸುರುಳಿಗಾಗಿ. ಮಗಳು ಅವನ್ನು ಕಿವಿಗೆ ಲೋಲಾಕು ಮಾಡಿಕೊಂಡು "ಇನ್ನೂ ಅಪ್ಪಾ, ಇನ್ನೂ" ಎನ್ನುತ್ತಿದ್ದಳು.

ಮಳೆ ನಿಂತಿತು. ಬಾಗಿಲು ಹೆಂಡತಿಯ ಮಾತನ್ನು ನಡೆಸಿಕೊಟ್ಟು ಕುಗ್ಗಿತು. ಈಗ ಚಿಲಕದ ನಾಲಿಗೆ ತೂತನ್ನು ಮುಟ್ಟುವುದಿಲ್ಲ. ಒಳಗೆ ಹೋದವರು ಹಾಡುತ್ತಿರಬೇಕೆಂದು ಮನೆಯಲ್ಲಿ ಕಾನೂನಾಗಿದೆ. ಎಂಟು ವರ್ಷ ಸಂಗೀತ ಕಲಿತೂ ಬಾಯಿಬಿಡದ ನಮ್ಮ ಅತ್ತೆಯವರು ಮೊನ್ನೆ ಬಂದಾಗ ಮೋಹನ ರಾಗ ಹಾಡಿದರು.

ಆಯುಧಪೂಜೆ ಬಂತು. ಪ್ರತಿ ವರ್ಷ ಸ್ಕೂಟರು, ಮಿಕ್ಸಿ, ನನ್ನ ಲ್ಯಾಪ್‌ಟಾಪು ಇಟ್ಟು ಅಮ್ಮ ಮುಖ ಸಿಂಡರಿಸುತ್ತಿದ್ದಳು. ಈ ಸಲ ಖುಷಿಯೋ ಖುಷಿ. ಉಳಿ, ಬಾಚಿ, ಹತ್ತರಿಯನ್ನು ಮಣೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಎಳೆದು, ಕುಂಕುಮ ಇಟ್ಟಳು. "ಒದ್ದೆ ಅಮ್ಮಾ, ತುಕ್ಕು ಹಿಡಿಯತ್ತೆ" ಅಂದೆ. "ದೇವರ ಮುಂದೆ ತುಕ್ಕಂತೆ. ನಾಳೆವರೆಗೆ ಯಾರೂ ಮುಟ್ಟಬೇಡಿ."

ವಿಜಯದಶಮಿಯ ದಿನ ಒರೆಸಿದರೆ, ಕನ್ನಡಿಯಂತಿದ್ದ ಪಕ್ಕೆಯ ಮೇಲೆ ಕೆಂಪಗೆ ಮೂರು ಅಡ್ಡಗೆರೆ. ಹೊಟ್ಟೆ ಚುರ್ ಅಂದಿತು. ಫೋಟೋ ತೆಗೆದು, "ಕ್ಷಮಿಸು ಮಾರಾಯಾ, ನಿನ್ನ ಅಜ್ಜನ ಸಾಮಾನು ಹಾಳು ಮಾಡಿಬಿಟ್ಟೆ" ಎಂದು ಗೆಳೆಯನಿಗೆ ಕಳಿಸಿದೆ.

ಐದು ನಿಮಿಷಕ್ಕೆ ಅವನ ಫೋನು. "ಹಾಳೆಂತದು? ಅಜ್ಜ ವರ್ಷಾ ವರ್ಷ ವಿಭೂತಿ ಹಚ್ಚಿ ಹಚ್ಚಿ ಹಂಗೇ ಮೂರು ಗೆರೆ ಕೂತಿತ್ತಲ್ಲ ಮಾರಾಯ. ಅಪ್ಪ ಅದನ್ನ ನೋಡೇ ಇದು ಅಜ್ಜಂದು ಅಂತ ಗುರುತು ಹಿಡಿಯೋದು. ನೀ ನೋಡ್ಲಿಲ್ವಾ?"

"ನೋಡಿದ್ದೆ" ಅಂದೆ.