ಭಾವನ ಅಂಡಾಶಯ

ಕಾಫಿಗೆ ರೇಟು ಬಂದ ವರ್ಷ ನಮ್ಮ ಕಡೆ ಜೀಪು ಬದಲಾಗುವುದು ಮಾಮೂಲು. ಈ ಸಲ ಹಾರ್ಮೋನನ್ನೂ ಬದಲಾಯಿಸುವ ಹಂಗಾಮು ಬಂದಿದೆ. ಮದುವೆ ಇಲ್ಲದ ದಿನ ಚಿಕ್ಕಮಗಳೂರಿನ ಕಲ್ಯಾಣ ಮಂಟಪಗಳು ಬಾಗಿಲು ಹಾಕಿಕೊಂಡಿರುತ್ತಿದ್ದವು. ಈಗ ಅಲ್ಲೊಂದರಲ್ಲಿ ‘ಉಚಿತ ಥೈರಾಯ್ಡ್ ತಪಾಸಣೆ ಹಾಗೂ ಹಾರ್ಮೋನ್ ಸಮತೋಲನ ಶಿಬಿರ’. ಉಪ್ಪಿಟ್ಟು, ಕೇಸರಿಬಾತೂ ಉಚಿತ. ತಪಾಸಣೆಗೆ ಬಂದವರೆಷ್ಟೋ ಕೇಸರಿಬಾತಿಗೆ ಬಂದವರೆಷ್ಟೋ, ಮಂಟಪವಂತೂ ಭರ್ತಿ.

ನನ್ನನ್ನು ಎಳೆದುಕೊಂಡು ಹೋದದ್ದು ನನ್ನ ಓರಗಿತ್ತಿ. ಆಲ್ದೂರು ಕಡೆ ಅವರ ತೋಟ. ಅಕ್ಕನಿಗೆ ‘ಥೈರಾಯ್ಡ್ ಇದೆ’. ಆ ಗ್ರಂಥಿ ಎಲ್ಲರ ಕತ್ತಿನಲ್ಲೂ ಇರುತ್ತದೆ, ಆದರೆ ಇದೆ ಅಂದರೆ ಸರಿಯಿಲ್ಲ ಅಂತ ನಮ್ಮಲ್ಲಿ ಅರ್ಥ. ಆರು ವರ್ಷದಿಂದ 50 ಮೈಕ್ರೋಗ್ರಾಂನ ಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದಾರೆ. ಒಂದಕ್ಕೆ ಎರಡು ರೂಪಾಯಿ ಆಸುಪಾಸು. ಅಕ್ಕನ ತಕರಾರು ಇರುವುದೇ ಅಲ್ಲಿ. “ಎರಡು ರೂಪಾಯಿ ಮಾತ್ರೇಲಿ ಏನು ಶಕ್ತಿ ಇರುತ್ತೆ ಹೇಳು ಮಾರಾಯ್ತಿ? ಒಂದು ಬನ್ನೂ ಬರಲ್ಲ.”

ಶಿಬಿರದಲ್ಲಿ ರಕ್ತ ತೆಗೆಯುವ ಗೋಜಿಲ್ಲ. ಟೈ ಕಟ್ಟಿದ ಹುಡುಗ ಹೆಸರು, ವಯಸ್ಸು, ಎತ್ತರ, ತೂಕ ಟೈಪು ಮಾಡಿಕೊಂಡ. ಲ್ಯಾಪ್‌ಟಾಪಿಗೆ ವೈರು ಕಟ್ಟಿದ ಹಿತ್ತಾಳೆ ಬಣ್ಣದ ಕೋಲೊಂದನ್ನು ಮುಷ್ಟಿಯಲ್ಲಿ ಹಿಡಿಯಲು ಕೊಟ್ಟ. ಒಂದೂವರೆ ನಿಮಿಷ. ಪ್ರಿಂಟರಿನಿಂದ ಮೂವತ್ತು ಚಿಲ್ಲರೆ ಪುಟ ಬಂತು. ಥೈರಾಯ್ಡ್ ಮಂದ, ಸೆಲೀನಿಯಂ ಕಮ್ಮಿ, ಸತು ಕಮ್ಮಿ, ಲಿವರಿನಲ್ಲಿ ವಿಷ. ನನ್ನ ಹಿಂದಿದ್ದವರಿಗೂ ಅದೇ, ಅವರ ಹಿಂದಿದ್ದವರಿಗೂ ಅದೇ. ನಿಜವಾದ ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಂಬರು ಬರುತ್ತದೆ; ಈ ಯಂತ್ರಕ್ಕೆ ಮಾತ್ರ ಯಾರ ಮೇಲೂ ಭೇದಭಾವವಿಲ್ಲ.

ಭಾವ ಜೀಪು ನಿಲ್ಲಿಸಿ ತಿಂಡಿಗೆಂದು ಒಳಗೆ ಬಂದವರು. ಅವರ ಕೈಗೂ ಕೋಲು ಹಿಡಿಸಿದರು. ಹುಡುಗ ಹೆಸರು ಬದಲಾಯಿಸಿದ, ಲಿಂಗ ಬದಲಾಯಿಸುವುದನ್ನು ಮರೆತ. ಅಕ್ಕನ ಕಾಲಂ ಹಾಗೇ ಉಳಿದುಬಿಟ್ಟಿತ್ತು. ಹತ್ತೊಂಬತ್ತನೇ ಪುಟದಲ್ಲಿ ಅರವತ್ತೆರಡು ವರ್ಷದ ನಮ್ಮ ಭಾವನಿಗೆ ಅಂಡಾಶಯ ದುರ್ಬಲವಾಗಿತ್ತು, ಋತುಚಕ್ರ ಅನಿಯಮಿತವಾಗಿತ್ತು.

ಭಾವ ಕನ್ನಡಕ ತೆಗೆದು, ಒರೆಸಿ, ಇನ್ನೊಂದು ಸಲ ಓದಿದರು. ಶಿಬಿರ ನಡೆಸುತ್ತಿದ್ದ ಲೀಡರ್ ಮೇಡಂ ಒಂದಿಷ್ಟೂ ತಬ್ಬಿಬ್ಬಾಗಲಿಲ್ಲ. “ಗಂಡಸರಲ್ಲೂ ಹೆಣ್ಣು ಹಾರ್ಮೋನು ಇರುತ್ತೆ ಸಾರ್. ಬ್ಯಾಲೆನ್ಸ್ ಮಾಡ್ಕೋಬೇಕು ಅಷ್ಟೇ.” ಮಾತು ಸುಳ್ಳಲ್ಲ, ಇರುತ್ತದೆ. ಈ ವ್ಯಾಪಾರದ ಸೊಗಸೇ ಅದು. ಅರ್ಧ ನಿಜವನ್ನು ಮುಂದೆ ಬಿಟ್ಟುಕೊಂಡು ಅದರ ಹಿಂದೆ ಡಬ್ಬ ತರುತ್ತಾರೆ.

ಯಾವ ಹಾರ್ಮೋನನ್ನು ಯಾವುದರ ಎದುರು ಇಟ್ಟು ತೂಗುತ್ತೀರಿ ಮೇಡಂ ಅಂತ ಕೇಳಿದೆ. “ಎಲ್ಲಾ” ಅಂದರು. ದೇಹದ ಲೆಕ್ಕ ಅಷ್ಟು ಸದರವಲ್ಲ. ಥೈರಾಯ್ಡ್ ವಿಷಯವನ್ನೇ ತೋಟದ ಭಾಷೆಯಲ್ಲಿ ಹೇಳುವುದಾದರೆ, ಮಿದುಳಿನ ಬುಡದಲ್ಲಿ ಪಿಟ್ಯುಟರಿ ಅಂತೊಬ್ಬ ಮೇಸ್ತ್ರಿ ಇದ್ದಾನೆ. ಕತ್ತಿನ ಕಡೆ ಕೆಲಸ ನಿಧಾನವಾದರೆ ಮೇಸ್ತ್ರಿಯ ಕೂಗು ಜೋರಾಗುತ್ತದೆ. ಆ ಕೂಗಿನ ಹೆಸರೇ ಟಿಎಸ್‌ಎಚ್. ಅದನ್ನು ಕೇಳಿಸಿಕೊಳ್ಳಲು ರಕ್ತ ಬೇಕು, ಕೋಲಲ್ಲ.

ಇಷ್ಟಾಗಿಯೂ ಭಾವ ಮೂರು ತಿಂಗಳ ಕೋರ್ಸು ಕೊಂಡರು. ತಿಂಗಳಿಗೆ 3,200 ರೂಪಾಯಿ. ನನಗೆ ತಡೆಯಲಾಗದ್ದು ದುಡ್ಡಲ್ಲ, ಭಾವ ಎಂಥ ಮನುಷ್ಯ ಅಂತ ಗೊತ್ತಿರುವುದು. ಗಿಡಕ್ಕೆ ಒಂದು ಹಿಡಿ ಸುಣ್ಣ ಹಾಕಬೇಕಾದರೂ ಬ್ಲಾಕಿನ ನಾಲ್ಕಾರು ಕಡೆ ಒಂಬತ್ತು ಇಂಚು ಆಳದ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ, ಚೀಟಿ ಅಂಟಿಸಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಕಳಿಸಿ, ರಿಪೋರ್ಟು ಬರುವ ತನಕ ಚೀಲ ಬಿಚ್ಚದವರು. ಗೊಬ್ಬರದ ಅಂಗಡಿಯವನು ಒಳ್ಳೆ ಸತು ಬಂದಿದೆ ಗೌಡ್ರೆ ಅಂದರೆ, ನನ್ನ ಮಣ್ಣಿಗೆ ಬೇಕು ಅಂತ ನಿಂಗ್ಯಾರು ಹೇಳಿದ್ದು ಅಂತ ಜಾಡಿಸುವವರು. ಅದೇ ಸತುವನ್ನು ಸ್ಟ್ರಾಬೆರಿ ವಾಸನೆ ಹಾಕಿ ಹೆಂಡತಿಗೆ ಕೊಡಿ ಅಂದಾಗ ಗೂಗಲ್ ಪೇ ತೆಗೆದರು.

ಡಬ್ಬದಲ್ಲಿ ಏನೇನಿತ್ತು ಅಂತ ನಾನು ಕೂತು ಓದಿದೆ. ಸೆಲೀನಿಯಂ. ಥೈರಾಯ್ಡಿಗೆ ಬೇಕಾದದ್ದೇ, ದಿನಕ್ಕೆ 55 ಮೈಕ್ರೋಗ್ರಾಂ ಸಾಕು, ಊಟದಲ್ಲೇ ಸಿಗುವಂಥದ್ದು. ಬಹಳ ದಿನ ಮಿತಿ ಮೀರಿದರೆ ಉಗುರು ಮುರಿಯುತ್ತದೆ, ಉಸಿರು ಬೆಳ್ಳುಳ್ಳಿ ನಾರುತ್ತದೆ, ಕೂದಲು ಉದುರುತ್ತದೆ. ಅಕ್ಕ ಕೊಂಡದ್ದು ಕೂದಲು ಉದುರುತ್ತಿದೆ ಅಂತ. ಅಶ್ವಗಂಧ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಮಾತ್ರೆಯೂ ಏರಿಸುತ್ತದೆ. ಇಬ್ಬರೂ ಕೂಡಿ ಎಲ್ಲಿಗೆ ಏರುತ್ತಾರೆ ಅಂತ ಡಬ್ಬದ ಮೇಲೆ ಬರೆದಿಲ್ಲ. ಆಮೇಲೆ ಕೆಲ್ಪ್, ಅಂದರೆ ಕಡಲಪಾಚಿ, ಅಯೋಡಿನ್‌ಗೆ.

ಈ ಅಯೋಡಿನ್ ಕಥೆ ಬೇರೆಯೇ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ, ಬಸುರಿಯರಿಗೆ 250. ಗುಡ್ಡಗಾಡಿನ ಮಳೆ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗಿ ಕತ್ತು ಊದುವುದಕ್ಕೆ ನಮ್ಮ ಹಿರಿಯರು ಗಳಗಂಡ ಅನ್ನುತ್ತಿದ್ದರು. 1956ರಲ್ಲಿ ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಸೇರಿಸಿ ಹಂಚಿ, ಗಳಗಂಡ ಇಳಿಯುತ್ತದೆ ಅಂತ ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಂತೂ ಅಡುಗೆಮನೆಗೆ ಬಂದ ಆ ಉಪ್ಪನ್ನು ಅಕ್ಕ ಕಳೆದ ವರ್ಷ ಕೆಮಿಕಲ್ ಅಂತ ಹೊರಗೆ ಹಾಕಿದರು. ಅದರ ಜಾಗಕ್ಕೆ ನಾಲ್ಕು ಪಟ್ಟು ರೇಟಿನ ಗುಲಾಬಿ ಬಣ್ಣದ ಕಲ್ಲುಪ್ಪು ಬಂತು. ಅದರಲ್ಲಿ ನೆಚ್ಚಿಕೊಳ್ಳುವಷ್ಟು ಅಯೋಡಿನ್ ಇಲ್ಲ. ಇಲ್ಲದ ಅಯೋಡಿನ್ ತುಂಬಲು ಕಡಲಪಾಚಿ ಬಂತು. ಅದರಲ್ಲಿ ಎಷ್ಟಿರುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ, ಹೆಚ್ಚಾದರೂ ಥೈರಾಯ್ಡ್ ಕೆಡುತ್ತದೆ. ಅಕ್ಕನಿಗೆ ಇರುವುದು ದೇಹವೇ ತನ್ನ ಗ್ರಂಥಿಯ ಮೇಲೆ ತಿರುಗಿ ಬೀಳುವ ಹಾಶಿಮೊಟೊ. ಅಂಥವರಲ್ಲಂತೂ ಹೆಚ್ಚುವರಿ ಅಯೋಡಿನ್ ಕೆಲಸ ಕೆಡಿಸುವ ಸಂಭವವೇ ಜಾಸ್ತಿ. ಕಲ್ಲುಪ್ಪು ಮಾರಿದವರೂ ಪಾಚಿ ಮಾರಿದವರೂ ಒಬ್ಬರೇ ಲೀಡರ್ ಮೇಡಂ ಅಂತ ಬೇರೆ ಹೇಳಬೇಕಾಗಿಲ್ಲ.

ಎರಡು ತಿಂಗಳಿಗೆ ಪವಾಡ ನಡೆಯಿತು. ಪೇಟೆಯ ಲ್ಯಾಬಿನಲ್ಲಿ ಟಿಎಸ್‌ಎಚ್ 7.8ರಿಂದ 0.3ಕ್ಕೆ ಇಳಿದಿತ್ತು. ಅಕ್ಕನ ಫೋಟೋ, ರಿಪೋರ್ಟು, ಕೈಮುಗಿದ ಗುರುತುಗಳ ಸಮೇತ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಮೂಡಿಗೆರೆ ದಾಟಿ ಸಕಲೇಶಪುರಕ್ಕೂ ಹೋಯಿತು. ಡಾಕ್ಟರಿಗೆ ತೋರಿಸಿದಾಗ ಅವರು ಮಾತ್ರೆ ನಿಲ್ಲಿಸಿ ಅನ್ನಲಿಲ್ಲ, ಶಹಬ್ಬಾಸ್ ಅನ್ನಲೂ ಇಲ್ಲ. ಮನೆಯಲ್ಲಿರುವ ಡಬ್ಬಗಳನ್ನೆಲ್ಲ ತಂದು ಮೇಜಿನ ಮೇಲಿಡಿ ಅಂದರು. ಐದನೇ ಡಬ್ಬ ಕೂದಲಿಗೆ, ಬಯೋಟಿನ್ 10,000 ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು ಮೂವತ್ತು. ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಹಲವು ಲ್ಯಾಬುಗಳ ಪರೀಕ್ಷಾ ವಿಧಾನವೇ ಮೋಸಹೋಗಿ, ಟಿಎಸ್‌ಎಚ್ ಸುಳ್ಳಾಗಿ ಕಡಿಮೆಯೆಂದೂ ಥೈರಾಯ್ಡ್ ಹಾರ್ಮೋನು ಸುಳ್ಳಾಗಿ ಹೆಚ್ಚೆಂದೂ ತೋರಿಸುತ್ತದಂತೆ. ಒಂದು ವಾರ ಅದನ್ನು ಬಿಡಿಸಿ ಮತ್ತೆ ರಕ್ತ ತೆಗೆದರು. 9.1. ಅಲ್ಲಿಗೆ ವಾಸಿಯಾಗಿದ್ದು ರಿಪೋರ್ಟು, ಥೈರಾಯ್ಡಲ್ಲ. ಈ ಎರಡನೇ ರಿಪೋರ್ಟು ಮಾತ್ರ ಯಾವ ಗ್ರೂಪಿಗೂ ಹೋಗಲಿಲ್ಲ.

“ಮಾತ್ರೆ ಹೇಗೆ ತಗೋತೀರಮ್ಮಾ?” ಅಂತ ಡಾಕ್ಟರು.

“ಬೆಳಗ್ಗೆ ಖಾಲಿ ಹೊಟ್ಟೇಲೇ ಡಾಕ್ಟ್ರೇ. ಕಾಫಿ ಜೊತೆ.”

ಆರು ವರ್ಷದಿಂದ! ಖಾಲಿ ಹೊಟ್ಟೆ ಅಂದರೆ ತಿಂಡಿಗೆ ಮುಂಚೆ ಅಂತ; ಕಾಫಿ ಲೆಕ್ಕಕ್ಕೆ ಬರುತ್ತದೆ ಅಂತ ಚಿಕ್ಕಮಗಳೂರಿನವರಿಗೆ ಹೊಳೆಯುವುದಾದರೂ ಹೇಗೆ? ಕಾಫಿ ಕುಡಿದರೆ ಈ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬರೀ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಸುಮ್ಮನಿರಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣದಂಶ ಇರುವುದೇನಿದ್ದರೂ ನಾಲ್ಕು ಗಂಟೆ ಬಿಟ್ಟು. ತಿಂಡಿ ಹೊತ್ತಿಗೆ ಅಕ್ಕ ಹಾಲಿಗೆ ಬೆರೆಸುತ್ತಿದ್ದ ಪುಡಿಯಲ್ಲಿ ಎರಡೂ ಇದ್ದವು. ಅಕ್ಕ ಎಲ್ಲಾ ಕೇಳಿಸಿಕೊಂಡು, “ಒಂದು ಗಂಟೆ ಕಾಫಿ ಇಲ್ದೆನಾ? ಅದಕ್ಕಿಂತ ಆಪರೇಷನ್ ಏನಾದ್ರೂ ಇದ್ಯಾ?” ಅಂದರು.

ಭಾವ ಮನೆಗೆ ಬಂದವರೇ ಕಾಫಿಯ ಕಾಯಿಕೊರಕ ಹುಳು ನೋಡುವ ಭೂತಗನ್ನಡಿ ತಂದು ಡಬ್ಬ ಓದಲು ಕೂತರು. ಮುಂಭಾಗದಲ್ಲಿ ಚಿಟ್ಟೆಯಷ್ಟು ದೊಡ್ಡದಾಗಿ ‘ಥೈರಾಯ್ಡ್ ಕೇರ್’. ಸರ್ಕಾರದ ಲೈಸೆನ್ಸ್ ಇದೆ ಅಂತ ಮೇಡಂ ತೋರಿಸಿದ್ದ 14 ಅಂಕಿಯ ನಂಬರು ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಪಕ್ಕದಲ್ಲೇ ಇದ್ದ ಖಾರಾ ಪ್ಯಾಕೆಟ್ಟಿನ ಮೇಲೂ ಅಂಥದ್ದೇ ಒಂದಿತ್ತು. ಅದರ ಕೆಳಗೆ, ಕೊರಕ ಕೊರೆದ ತೂತಿನಷ್ಟು ಸಣ್ಣ ಅಕ್ಷರದಲ್ಲಿ, ನಿಯಮದ ಪ್ರಕಾರ ಹಾಕಲೇಬೇಕಾದ ಒಂದು ಸಾಲು: ‘ನಾಟ್ ಫಾರ್ ಮೆಡಿಸಿನಲ್ ಯೂಸ್’.

“ಔಷಧಿ ಅಲ್ಲ ಅಂತ ಅವರೇ ಬರ್ದಿದಾರಲ್ಲೇ!”

ಅಕ್ಕ ಒಳಗಿನಿಂದ ಮಾತಾಡಲಿಲ್ಲ. ಉಳಿದದ್ದು ಎರಡು ಡಬ್ಬ ಪುಡಿ. ಬಿಸಾಡಲು ಭಾವನಿಗೆ ಕೈ ಬರಲಿಲ್ಲ, 3,200ರ ಬಾಬತ್ತು. ಸತು ಇದೆ, ಮೆಗ್ನೀಷಿಯಂ ಇದೆ, ಮನೆ ಹಿಂದಿನ ನಾಲ್ಕು ಅರೇಬಿಕಾ ಗಿಡಕ್ಕಾದರೂ ಆಗಲಿ ಅಂತ ಎತ್ತಿಕೊಂಡು ಹೊರಟರು. ಕಣದ ಹತ್ತಿರ ತೋಟದ ರೈಟ್ರು ಅಡ್ಡ ಬಂದು, ಡಬ್ಬ ತಿರುಗಿಸಿ ನೋಡಿ, ವಾಪಸು ಕೊಟ್ಟರು.

“ಬೇಡಿ ಗೌಡ್ರೆ. ಮಣ್ಣು ಟೆಸ್ಟ್ ಮಾಡಿಸ್ದೆ ಗಿಡಕ್ಕೆ ಹಾಕೋದು ಬೇಡ.”