ಹಾಡಿನ 'ಸಾಬಿ'ಗೂ ಮುಂಚೆ ಕಿವಿಗೊಡಿ

ಜಪಾನಿನ ಐಡಲ್ ಹಾಡುಗಳು, ಅಂದರೆ ಹಾಡಿ ಕುಣಿಯುವ ಅಲ್ಲಿನ ಯುವ ತಾರೆಯರ ಹಾಡುಗಳೆಲ್ಲ ಒಂದೇ ಅಚ್ಚಿನವು, ಹಾಗಾಗಿ ಸಪ್ಪೆ ಅಂತ ಲೇಖಕರು ಬರೆದಿದ್ದೀರಿ. ಅಚ್ಚು ಇರೋದು ನಿಜ, ಸಪ್ಪೆ ಅನ್ನೋದನ್ನ ಮಾತ್ರ ಒಪ್ಪಲಾರೆ ಸರ್.

ಆ ಅಚ್ಚು ಹೀಗೆ: ಶುರುವಿನ ಭಾಗ ಎ-ಮೆಲೊ, ಸಾಬಿಯತ್ತ ಕರೆದೊಯ್ಯುವ ಭಾಗ ಬಿ-ಮೆಲೊ, ಆಮೇಲೆ ಸಾಬಿ. ಸಾಬಿ ಅಂದರೆ ಮತ್ತೆ ಮತ್ತೆ ಬರುವ, ಬಾಯಲ್ಲಿ ಉಳಿಯುವ ಸಾಲು. ಅಲ್ಲಿ ಹೆಚ್ಚಾಗಿ ಎಲ್ಲರದೂ ಒಂದೇ ಸ್ವರ, ಒಂದೇ ದನಿ. ನುರಿತ ಗಾಯಕಿಯರೇ ಆಗಬೇಕಿಲ್ಲ, ಕೇಳುವವರೂ ಜೊತೆಗೂಡಬಹುದು. ಬಿ-ಮೆಲೊ ಬಂದಾಗ ಅಭಿಮಾನಿಗಳು 'ಪಾನ್, ಪಪಾನ್' ಅಂತ ಚಪ್ಪಾಳೆ ತಟ್ಟಿ 'ಹ್ಯೂ' ಅಂತ ಜಿಗಿಯುತ್ತಾರೆ. ಆ ಚಪ್ಪಾಳೆಗೆ ಜಾಗ ಬಿಟ್ಟೇ ಎಷ್ಟೋ ಹಾಡು ಕಟ್ಟಿರುತ್ತಾರೆ!

ನನಗೆ ಪ್ರಾಣ ಅಂದರೆ ಒಚಿ-ಸಾಬಿ. ಕೊನೆಯ ಸುತ್ತಿಗೆ ಮೊದಲು ಡ್ರಮ್ಸ್, ಗಿಟಾರ್ ಎಲ್ಲ ತಟ್ಟನೆ ನಿಂತು, ಪಿಯಾನೊ ಜೊತೆ ಒಬ್ಬಳೇ ಹುಡುಗಿ ಅದೇ ಸಾಲನ್ನು ಮೆಲ್ಲಗೆ ಹಾಡುತ್ತಾಳೆ. ಸಭಾಂಗಣದಲ್ಲಿ ಅಭಿಮಾನಿಗಳು ಹಿಡಿದ ಬೆಳಕಿನ ಕೋಲುಗಳೆಲ್ಲ ಅವಳಿಗೆಂದೇ ಗೊತ್ತಾದ ಬಣ್ಣಕ್ಕೆ ತಿರುಗುತ್ತವೆ. ಮರುಕ್ಷಣ ವಾದ್ಯಗಳೆಲ್ಲ ಒಟ್ಟಿಗೆ ನುಗ್ಗುತ್ತವೆ, ಎಷ್ಟೋ ಸಲ ಶ್ರುತಿ ಅರ್ಧ ಸ್ವರವೋ ಒಂದು ಸ್ವರವೋ ಮೇಲೇರಿರುತ್ತದೆ.

'ರಾಜಮಾರ್ಗ' ಅಂತಲೇ ಅಲ್ಲಿ ಹೆಸರಾದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಸರಣಿಯನ್ನೂ ಗಮನಿಸಿ: ಷಡ್ಜದಿಂದ ಎಣಿಸಿದರೆ ನಾಲ್ಕನೇ, ಐದನೇ, ಮೂರನೇ, ಆರನೇ ಸ್ವರದ ಮೇಲಿನ ಕಾರ್ಡ್‌ಗಳು. ಷಡ್ಜದ ಮನೆಗೆ ಬರುವಂತೆ ಮಾಡಿ ಬರುವುದೇ ಇಲ್ಲ. ಅಷ್ಟು ಲವಲವಿಕೆಯ ಹಾಡಿನಲ್ಲೂ ಗಂಟಲು ಕಟ್ಟೋದು ಅದಕ್ಕೇ. ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ ನೋಡಿ, ದಯವಿಟ್ಟು.