ಪಿಪಿಟಿ ಮಾಡಿದರೆ ತಂತ್ರಜ್ಞಾನ ಕಲಿತ ಹಾಗಾ?

ನಮ್ಮ ಬಿಎಡ್ ಪಾಠಯೋಜನೆ ಪುಸ್ತಕದಲ್ಲಿ ಬೋಧನೋಪಕರಣ ಅಂತ ಒಂದು ಕಾಲಂ ಉಂಟು. ನಮ್ಮ ಸೀನಿಯರ್‌ಗಳ ಹಳೇ ರೆಕಾರ್ಡ್ ತೆಗೆದು ನೋಡಿದರೆ ಅಲ್ಲಿ ಚಾರ್ಟ್, ಮಾದರಿ, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಅಂತ ಬರೆದಿರುತ್ತದೆ. ಈಗ ನಾವು ಪಿಪಿಟಿ, ವಿಡಿಯೋ, ಪ್ರೊಜೆಕ್ಟರ್ ಅಂತ ಬರೆಯುತ್ತೇವೆ. ಅಬ್ಸರ್ವೇಶನ್‌ಗೆ ಬಂದವರು ಅದನ್ನು ನೋಡಿ "ಐಸಿಟಿ (ಮಾಹಿತಿ ತಂತ್ರಜ್ಞಾನ) ಬಳಸಿದ್ದಾರೆ" ಅಂತ ಟಿಕ್ ಹಾಕುತ್ತಾರೆ. ಪಿಪಿಟಿ ಓಡುವಾಗ ಮಕ್ಕಳು ಏನು ಮಾಡುತ್ತಿದ್ದರು ಅಂತ ಬರೆಯಲು ಮಾತ್ರ ಯಾವ ಕಾಲಮ್ಮೂ ಇಲ್ಲ.

ನಾನು ಉಡುಪಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ನನ್ನ ಮೆಥಡ್, ಅಂದರೆ ಕಲಿಸುವ ವಿಷಯ, ವಿಜ್ಞಾನ. ಇನ್ನು ಸ್ವಲ್ಪ ಸಮಯದಲ್ಲಿ ನಾವೆಲ್ಲ ಟೀಚರ್ ಆಗುವವರು. ಹಾಗಾಗಿ ಈ ವಿಷಯವನ್ನು ಈಗಲೇ ಹೇಳಬೇಕು ಅನ್ನಿಸಿತು. ತಂತ್ರಜ್ಞಾನ ಬಳಸುವುದನ್ನು ನಮಗೆ ಕಲಿಸುತ್ತಿದ್ದಾರೆ. ಯಾವ ಪಾಠಕ್ಕೆ ಅದು ಬೇಕು, ಯಾವ ಪಾಠಕ್ಕೆ ಬೇಡ ಅಂತ ತೂಗಿ ನೋಡುವುದನ್ನು ಕಲಿಸುತ್ತಿಲ್ಲ. ನನ್ನ ಪ್ರಕಾರ ಅದೇ ಮುಖ್ಯ ವಿದ್ಯೆ.

ಒಂದು ಉದಾಹರಣೆ ಹೇಳುತ್ತೇನೆ. ಹೂವಿನ ಭಾಗಗಳ ಪಾಠಕ್ಕೆ ನಮ್ಮ ಬ್ಯಾಚಿನಲ್ಲಿ ಚಂದ ಚಂದದ ಸ್ಲೈಡ್ ತಯಾರಾಗುತ್ತವೆ. ದಳಗಳು ಒಂದೊಂದಾಗಿ ಹಾರಿ ಬಂದು ಕೂರುತ್ತವೆ, ಕೇಸರದ ಹೆಸರು ಮಿನುಗುತ್ತದೆ. ನಮ್ಮ ಕಡೆ ದಾಸವಾಳ ಇಲ್ಲದ ಶಾಲೆ ಕಂಪೌಂಡ್ ಹುಡುಕಿದರೂ ಸಿಗುವುದು ಕಷ್ಟ. ಒಬ್ಬೊಬ್ಬರ ಕೈಗೆ ಒಂದೊಂದು ದಾಸವಾಳ ಕೊಟ್ಟು, ಬ್ಲೇಡಿನಿಂದ ಅಂಡಾಶಯ ಸೀಳಿ ತೋರಿಸಿದರೆ ಒಳಗಿನ ಸಣ್ಣ ಸಣ್ಣ ಅಂಡಕಗಳು ಕಣ್ಣಿಗೇ ಕಾಣುತ್ತವೆ. ಪರಾಗ ಬೆರಳಿಗೆ ಅಂಟುತ್ತದೆ. ಅಲ್ಲಿ ಪ್ರೊಜೆಕ್ಟರ್ ಹಾಕುವುದು ಪಾಠಕ್ಕೆ ನಷ್ಟ. ಆದರೆ ದಾಸವಾಳ ತಂದವರಿಗೆ ಐಸಿಟಿ ಅಂಕ ಇಲ್ಲ, ಸ್ಲೈಡ್ ತಂದವರಿಗೆ ಉಂಟು. ಇದು ಸರಿಯಲ್ಲ ಅಲ್ವಾ?

ಇನ್ನು ಶಬ್ದದ ಪಾಠ ತೆಗೆದುಕೊಳ್ಳಿ. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್, 25 ಡಿಗ್ರಿಯಲ್ಲಿ ಸುಮಾರು 346. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ. ಅಳೆದು ನೋಡುವುದಿಲ್ಲ. ಕೈಯಲ್ಲಿ ಹಿಡಿಯುವ ಸ್ಟಾಪ್‌ವಾಚ್‌ನಿಂದ ಅಷ್ಟು ಸಣ್ಣ ಸಮಯ ಅಳೆಯಲು ಆಗುವುದೂ ಇಲ್ಲ. ಇಲ್ಲಿ ಫೋನ್ ನಿಜವಾಗಿ ಬೇಕು.

ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಉಂಟು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಟ್ಟದ್ದು. ಫೋನಿನ ಒಳಗೆ ಈಗಾಗಲೇ ಇರುವ ಮೈಕ್, ಚಲನೆ ತಿಳಿಯುವ ಸೆನ್ಸರ್, ಅಯಸ್ಕಾಂತ ತಿಳಿಯುವ ಸೆನ್ಸರ್ ಎಲ್ಲವನ್ನೂ ಅದು ಅಳತೆಯ ಸಾಧನ ಮಾಡಿಬಿಡುತ್ತದೆ. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಈ ಪ್ರಯೋಗಕ್ಕೆ ನೆಟ್ ಬೇಡ. ಅದರಲ್ಲಿ ಅಕೌಸ್ಟಿಕ್ ಸ್ಟಾಪ್‌ವಾಚ್ ಅಂತ ಒಂದು ಆಯ್ಕೆ. ಒಂದು ಚಪ್ಪಾಳೆಗೆ ಶುರುವಾಗುತ್ತದೆ, ಇನ್ನೊಂದು ಚಪ್ಪಾಳೆಗೆ ನಿಲ್ಲುತ್ತದೆ.

ನನ್ನದೊಂದು ಫೋನ್, ಮೆಂಟರ್ ಟೀಚರದ್ದೊಂದು. ಶಾಲೆಯ ಜಗಲಿಯಲ್ಲಿ ಮಕ್ಕಳೇ ಟೇಪ್ ಹಿಡಿದು 10 ಮೀಟರ್ ಅಳೆದು, ಎರಡು ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ತುದಿಗೊಂದು ಫೋನ್, ನೆಲದ ಮೇಲೆ. ಈ ತುದಿಯಲ್ಲಿ ನಿಂತ ಹುಡುಗ ಮೊದಲು ಚಪ್ಪಾಳೆ ಹೊಡೆಯಬೇಕು, ಸ್ವಲ್ಪ ಬಿಟ್ಟು ಆ ತುದಿಯ ಹುಡುಗಿ ಹೊಡೆಯಬೇಕು. ಮೊದಲು ಮಳೆ ಶಬ್ದಕ್ಕೇ ಗಡಿಯಾರ ಓಡಿಬಿಟ್ಟಿತು. ಮಳೆ ಬಿಡುವವರೆಗೆ ಕಾದು, ಆ್ಯಪಿನಲ್ಲಿ ಶಬ್ದದ ಮಿತಿ ಸ್ವಲ್ಪ ಏರಿಸಿದೆವು. ಯಾರಾದರೂ ಕೆಮ್ಮಿದರೂ ಗಡಿಯಾರ ಹಾಳಾಗುತ್ತದೆ ಅಂತ ಗೊತ್ತಾದ ಮೇಲೆ ಇಡೀ ಕ್ಲಾಸು ತಾನಾಗಿಯೇ ಗಪ್‌ಚುಪ್. ನಾನು "ಸೈಲೆನ್ಸ್" ಅಂತ ಒಮ್ಮೆಯೂ ಹೇಳಲಿಲ್ಲ.

ಎರಡು ಫೋನ್ ತೋರಿಸಿದ ಸಮಯದಲ್ಲಿ 0.058 ಸೆಕೆಂಡ್ ವ್ಯತ್ಯಾಸ ಬಂತು. 10 ಮೀಟರನ್ನು ಅದರಿಂದ ಭಾಗಿಸಿದಾಗ 172. "ತಪ್ಪಾಯ್ತು ಟೀಚರ್, ಅರ್ಧ ಬಂತು" ಅಂದರು. ನಾನು ಉತ್ತರ ಹೇಳದೆ ಸುಮ್ನೆ ನಿಂತೆ. ಒಬ್ಬಳು ನೆಲದಲ್ಲೇ ಗೆರೆ ಎಳೆದು ಪಕ್ಕದವಳಿಗೆ ತುಳುವಿನಲ್ಲಿ ವಿವರಿಸಲು ಶುರು ಮಾಡಿದಳು. ಮೊದಲ ಚಪ್ಪಾಳೆ ಈ ಫೋನಿಗೆ ಕೂಡಲೇ ಕೇಳುತ್ತದೆ, ಆ ಫೋನಿಗೆ ತಡವಾಗಿ. ಎರಡನೇ ಚಪ್ಪಾಳೆ ಆ ಫೋನಿಗೆ ಕೂಡಲೇ, ಈ ಫೋನಿಗೆ ತಡವಾಗಿ. ಅಂದರೆ ಈ ಫೋನು ಬೇಗ ಶುರುವಾಗಿ ತಡವಾಗಿ ನಿಂತಿದೆ. 10 ಮೀಟರ್ ಎರಡು ಸಲ ಲೆಕ್ಕಕ್ಕೆ ಬಂತು. 20ನ್ನು ಭಾಗಿಸಿ ಅಂದಳು. 345 ಬಂತು!

ಮತ್ತೆ ಮಾಡಿದಾಗ 0.061, ಮತ್ತೊಮ್ಮೆ 0.055. ಒಮ್ಮೆ 328, ಒಮ್ಮೆ 364. ಯಾವುದು ಸರಿ ಅಂತ ಜಗಳ. ಚಪ್ಪಾಳೆ ಫೋನಿನ ಹತ್ತಿರವೇ ಹೊಡೆದಿರಾ, ಟೇಪ್ ಸಡಿಲ ಇತ್ತಾ, ಸರಾಸರಿ ಯಾಕೆ ತೆಗೆಯಬೇಕು, ಎಲ್ಲ ಅಲ್ಲಿಯೇ ಚರ್ಚೆಯಾಯಿತು. ಇದನ್ನೆಲ್ಲ ನಾನು ಪಿಪಿಟಿಯಲ್ಲಿ ಹಾಕಿದ್ದರೆ ಒಂದು ಸ್ಲೈಡ್‌ಗೆ ಮುಗಿಯುತ್ತಿತ್ತು. ಯಾರೂ ಜಗಳ ಮಾಡುತ್ತಿರಲಿಲ್ಲ.

ನಾವು ಥಿಯರಿಯಲ್ಲಿ ಟಿಪ್ಯಾಕ್ ಓದುತ್ತೇವೆ, ಅಂದರೆ ವಿಷಯ, ಬೋಧನೆ, ತಂತ್ರಜ್ಞಾನ ಮೂರನ್ನೂ ಸೇರಿಸುವ ಟೀಚರ್ ಜ್ಞಾನ. 1986ರಲ್ಲಿ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ ಒಂದು ಮಾತು ಹೇಳಿದರು: ವಿಷಯ ಗೊತ್ತಿದ್ದರೆ ಸಾಲದು, ಬೋಧನೆ ಗೊತ್ತಿದ್ದರೂ ಸಾಲದು, ಈ ವಿಷಯವನ್ನು ಹೇಗೆ ಕಲಿಸಿದರೆ ಮಕ್ಕಳಿಗೆ ಹತ್ತುತ್ತದೆ ಅನ್ನುವ ಜ್ಞಾನವೇ ಬೇರೆ. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಅದಕ್ಕೆ ತಂತ್ರಜ್ಞಾನವನ್ನೂ ಸೇರಿಸಿದರು. ಮೂರು ವೃತ್ತ, ಮೂರೂ ಸೇರುವ ನಡುವಿನ ಜಾಗ. ಪರೀಕ್ಷೆಗೆ ಆ ಚಿತ್ರ ಎಲ್ಲರೂ ಚೆನ್ನಾಗಿ ಬಿಡಿಸುತ್ತೇವೆ, ಅಂಕವೂ ಬರುತ್ತದೆ. ಆದರೆ ಆ ನಡುವಿನ ಜಾಗಕ್ಕೆ ಸೇರುವ ಒಂದು ಪಾಠವನ್ನು ನಮ್ಮ ಮುಂದೆ ಯಾರಾದರೂ ಮಾಡಿ ತೋರಿಸಿದ್ದಾರಾ? ಐಸಿಟಿ ಪೇಪರಿನಲ್ಲಿ ಕಂಪ್ಯೂಟರಿನ ಭಾಗಗಳು, ಇನ್‌ಪುಟ್ ಔಟ್‌ಪುಟ್ ಸಾಧನಗಳು ಅಂತ ಬರೆಯುತ್ತಾ ಕೂತಿದ್ದೇವೆ. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ 2015ರಿಂದ ಬಿಎಡ್ ಎರಡು ವರ್ಷದ ಕೋರ್ಸ್ ಆಯಿತು. ಶಾಲೆಯಲ್ಲಿ ಜಾಸ್ತಿ ಸಮಯ ಕಳೆದು ಕಲಿಯಲಿ ಅಂತಲೇ ಅಷ್ಟು ಉದ್ದದ ಇಂಟರ್ನ್‌ಶಿಪ್ ಇಟ್ಟದ್ದು. ಸಮಯ ಸಿಕ್ಕಿದೆ. ಅದನ್ನು ರೆಕಾರ್ಡ್ ಬರೆಯಲಿಕ್ಕೇ ಖರ್ಚು ಮಾಡುತ್ತಿದ್ದೇವೆ.

ನಮ್ಮ ಊರಿನ ಮಳೆಗಾಲದ ಬಗ್ಗೆಯೂ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಗಾಳಿಮಳೆಗೆ ತೆಂಗಿನ ಮರ ಲೈನಿನ ಮೇಲೆ ಬೀಳುವುದು, ಕರೆಂಟ್ ಹೋಗುವುದು, ನೆಟ್‌ವರ್ಕ್ ಇಲ್ಲದಾಗುವುದು ಎಲ್ಲ ಮಾಮೂಲು. ಶಾಲಾ ವರ್ಷ ಶುರುವಾಗುವುದೇ ಆಗ. ಹಾಗಿದ್ದ ಮೇಲೆ ಕರೆಂಟ್, ನೆಟ್ ಎರಡೂ ಇದ್ದರೆ ಮಾತ್ರ ನಡೆಯುವ ಪಾಠಯೋಜನೆ ಬರೆದು ಪ್ರಯೋಜನ ಎಂತ? ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಅನ್ನುವ ಸರ್ಕಾರಿ ಆ್ಯಪಿನಲ್ಲಿ ವಿಡಿಯೋ ಬರುತ್ತದೆ. 2017ರಲ್ಲಿ ಶುರುವಾದ ಒಳ್ಳೆಯ ವ್ಯವಸ್ಥೆ ಅದು. ಆದರೆ ಕ್ಲಾಸಿನಲ್ಲಿ ನಿಂತು ಸ್ಕ್ಯಾನ್ ಮಾಡಿದರೆ ಆ ಚಕ್ರ ತಿರುಗುತ್ತಲೇ ಇರುತ್ತದೆ. ಹಿಂದಿನ ದಿನ ಮನೆಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು ಅನ್ನುವುದನ್ನೂ ಯಾರಾದರೂ ಕಲಿಸಬೇಕಲ್ಲ. ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವ, ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳೂ ಹಾಗೆಯೇ. ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಶುರು ಮಾಡಿದ ಯೋಜನೆ ಅದು. ಕೆಲವು ಕನ್ನಡದಲ್ಲೇ ಸಿಗುತ್ತವೆ. ಫೈಲ್ ಇಳಿಸಿಕೊಂಡರೆ ಹಳೇ ಲ್ಯಾಪ್‌ಟಾಪಿನಲ್ಲೂ ನೆಟ್ ಇಲ್ಲದೆ ಓಡುತ್ತವೆ. ವಿದ್ಯುತ್ ಪಾಠದಲ್ಲಿ ಸರಣಿ, ಸಮಾಂತರ ಜೋಡಣೆ ಮಕ್ಕಳೇ ಮಾಡಿ ನೋಡಬಹುದು. ತಪ್ಪು ಜೋಡಿಸಿ ಬ್ಯಾಟರಿಗೆ ಬೆಂಕಿ ಹತ್ತಿದರೂ ಖರ್ಚಿಲ್ಲ.

ಕನ್ನಡ ಟೈಪಿಂಗ್ ವಿಷಯ ನನಗೆ ತುಂಬ ಬೇಜಾರಿನದ್ದು. ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸಲು ಹೊರಟ ನಮ್ಮಲ್ಲಿ ಎಷ್ಟೋ ಜನರಿಗೆ ಕಂಪ್ಯೂಟರಿನಲ್ಲಿ ಕನ್ನಡದ ಒಂದು ಪ್ರಶ್ನೆಪತ್ರಿಕೆ ಟೈಪ್ ಮಾಡಲು ಬರುವುದಿಲ್ಲ. ಸ್ಕ್ರೀನ್‌ಶಾಟ್ ಅಂಟಿಸುತ್ತಾರೆ, ಇಲ್ಲವೇ ಸೈಬರ್‌ಗೆ ಹೋಗಿ ದುಡ್ಡು ಕೊಡುತ್ತಾರೆ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ ಸೇಡಿಯಾಪು ಅಂತ ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟವರು. ನಮ್ಮೂರಿನವರು ಮಾಡಿಕೊಟ್ಟದ್ದನ್ನು ನಾವೇ ಕಲಿಯದಿದ್ದರೆ ಹೇಗೆ? ಕಷ್ಟವೂ ಇಲ್ಲ. ಒತ್ತಕ್ಷರಕ್ಕೆ ಎಫ್ ಕೀಲಿ ಅಂತ ಗೊತ್ತಾದರೆ ಅರ್ಧ ಕಲಿತ ಹಾಗೆಯೇ. ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯುನಿಕೋಡ್‌ನಲ್ಲಿ ಬರೆಯಬೇಕು ಅನ್ನುವುದನ್ನೂ ಹೇಳಿಕೊಡಬೇಕು. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಮಕ್ಕಳ ಮನೆಯ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಎಐ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ. ಈಗ ಪಾಠಯೋಜನೆಯನ್ನು ಎಐ ಹತ್ತಿರ ಬರೆಸುವುದು ನಮ್ಮ ಬ್ಯಾಚುಗಳಲ್ಲಿ ಗುಟ್ಟೇನಲ್ಲ. ನಾನು ವಿರೋಧಿಯಲ್ಲ. ನಾನು ಬರೆದದ್ದನ್ನು ಕೊಟ್ಟು, ಮಕ್ಕಳು ಎಲ್ಲಿ ಎಡವಬಹುದು ಅಂತ ಕೇಳಿದರೆ ಒಳ್ಳೆಯ ಉತ್ತರ ಸಿಗುತ್ತದೆ. ಆದರೆ ಮೊದಲ ಗೆರೆಯಿಂದಲೇ ಅದಕ್ಕೆ ಬಿಟ್ಟರೆ ಎಲ್ಲ ಊರಿಗೂ ಹೊಂದುವ ಒಂದು ಪಾಠ ಬರುತ್ತದೆ, ನಮ್ಮ ಮಕ್ಕಳ ಪಾಠ ಬರುವುದಿಲ್ಲ. ಮೀನುಗಾರರ ಊರುಗಳಾದ ಮಲ್ಪೆ, ಗಂಗೊಳ್ಳಿ, ಉಳ್ಳಾಲದ ಮಕ್ಕಳಿಗೆ ಉಬ್ಬರ ಇಳಿತ ಮನೆಯ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಅಪ್ಪ ಮನೆಯಲ್ಲೇ ಇರುತ್ತಾರೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವುದು ಯಾಕೆ ಅಂತ ಆ ಕ್ಲಾಸಿನಲ್ಲಿ ಕೇಳಿ ನೋಡಿ. ಮಕ್ಕಳು ಮನೆಗೆ ಹೋಗಿ ಅಪ್ಪನನ್ನು ಕೇಳಿಕೊಂಡು ಬರುತ್ತಾರೆ, ಚಂದ್ರನವರೆಗೆ ಪಾಠ ತಾನಾಗಿ ಹೋಗುತ್ತದೆ. ಆ ಪ್ರಶ್ನೆ ಹುಟ್ಟುವುದು ಮಕ್ಕಳು ಎಲ್ಲಿಂದ ಬರುತ್ತಾರೆ ಅಂತ ಗೊತ್ತಿರುವ ಟೀಚರ್ ತಲೆಯಲ್ಲಿ.

ಮಲ್ಪೆ ಹತ್ತಿರದ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳ ವಿಷಯವೂ ಹೀಗೆಯೇ. ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ಆರುತ್ತಾ ಕುಗ್ಗಿ, ಬಿರುಕು ಬಿಟ್ಟು ಆದ ಕಂಬಗಳು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಕತೆ. ಮಳೆಗಾಲದಲ್ಲಿ ಬೋಟ್ ಇಲ್ಲ, ಆಗ ಗೂಗಲ್ ಅರ್ಥ್‌ನಲ್ಲಿ ಮಡಗಾಸ್ಕರಿನ ಪೂರ್ವ ಕರಾವಳಿಯನ್ನೂ ನಮ್ಮ ಕರಾವಳಿಯನ್ನೂ ಹತ್ತಿರ ಹತ್ತಿರ ಇಟ್ಟು ನೋಡಿಸಬಹುದು. ಡಿಸೆಂಬರಿನಲ್ಲಿ ಮಾತ್ರ ಲ್ಯಾಪ್‌ಟಾಪ್ ಮುಚ್ಚಿ ಮಕ್ಕಳನ್ನು ಬೋಟ್ ಹತ್ತಿಸಬೇಕು.

ಇನ್ನೊಂದು ಮಾತು ಖಂಡಿತ ಹೇಳಬೇಕು. ಪಾಠದ ಫೋಟೋ, ರೀಲ್ಸ್ ಸ್ಟೇಟಸ್‌ಗೆ ಹಾಕುವುದನ್ನು ನಾವು ನಿಲ್ಲಿಸಬೇಕು. ಮಕ್ಕಳ ಮುಖ ಕಾಣುವ ವಿಡಿಯೋ ನಮ್ಮ ಆಸ್ತಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರನ್ನು ಮಕ್ಕಳು ಎನ್ನುತ್ತದೆ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಕಾಯ್ದೆ ಬದಿಗಿರಲಿ. ತಪ್ಪು ಉತ್ತರ ಹೇಳಿ ನಾಚಿದ ಮಗುವಿನ ಮುಖ ಊರವರ ಫೋನಿನಲ್ಲೆಲ್ಲ ಓಡಾಡುವುದು ಬೇಡ.

ಶಾಲೆಯಲ್ಲಿ ತಂತ್ರಜ್ಞಾನ ಬಳಸುವುದಕ್ಕೆ ನಮಗೆ ದೂರದ ಮಾದರಿಯೂ ಬೇಡ. ತಲಪಾಡಿ ಗಡಿ ದಾಟಿದರೆ ಕೇರಳದ ಮಂಜೇಶ್ವರ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಅನ್ನುವ ಸರ್ಕಾರಿ ಯೋಜನೆ ಶುರುವಾದದ್ದು 2001ರಲ್ಲಿ. 2017ರಲ್ಲಿ ಅದು ಕೈಟ್ ಅನ್ನುವ ಸರ್ಕಾರಿ ಸಂಸ್ಥೆ ಆಯಿತು, 2018ರಲ್ಲಿ ಮಕ್ಕಳ ಐಟಿ ಕ್ಲಬ್ ಲಿಟಲ್ ಕೈಟ್ಸ್ ಬಂತು. ಶಾಲೆಗಳ ಕಂಪ್ಯೂಟರಿನಲ್ಲಿ ಓಡುವುದು ಸ್ವತಂತ್ರ ತಂತ್ರಾಂಶ, ಲೈಸೆನ್ಸ್ ಖರ್ಚಿಲ್ಲ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಆ ವ್ಯವಸ್ಥೆಯ ಒಳಗೇ ಇವೆ. ನಮ್ಮದೇ ಭಾಷೆ, ನಮ್ಮದೇ ಮಳೆ. ಅಲ್ಲಿ ಏನು ನಡೆದಿದೆ, ಏನು ನಡೆದಿಲ್ಲ ಅಂತ ನಮ್ಮ ಬಿಎಡ್ ಕಾಲೇಜುಗಳು ಟ್ರೈನಿಗಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಮಂಗಳೂರಿನಿಂದ ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸ್ ಬರಬಹುದು.

ನಾವು ಕೆಲವರು ಸೇರಿ ಇಂಥ ಒಂದು ಭೇಟಿಗೆ ಅನುಮತಿ ಕೇಳಿದ್ದೇವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಿಮಗೆ ಪರಿಚಯದ ಟೀಚರ್ ಇದ್ದರೆ ದಯವಿಟ್ಟು ತಿಳಿಸಿ. ಅವರು ಮಾಡುವ ಒಂದು ಪೀರಿಯಡ್ ನಾವು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು.